ಹೊಗೆಯಲ್ಲಿ ಬೆಂದ ಕುರಿಯ ಹೆಗಲು

ಅಮೆರಿಕದ ಕೆಂಟಕಿ ರಾಜ್ಯದ ಓವೆನ್ಸ್‌ಬರೋ ಪಟ್ಟಣದಲ್ಲಿ, ದಕ್ಷಿಣದ ಸೀಮೆಗಳು ಬಹುತೇಕ ಹಂದಿಮಾಂಸಕ್ಕೇ ಅಗ್ರಸ್ಥಾನವನ್ನಿತ್ತಿರುವಾಗಲೂ, ಬಲಿತ ಕುರಿಯ ಮಾಂಸವನ್ನು ಹಿಕರಿ ಕಟ್ಟಿಗೆಯ ಹೊಗೆಯಲ್ಲಿ ತಾಸುಗಟ್ಟಲೆ ಬೇಯಿಸುವ ಸಂಪ್ರದಾಯವು ಇಂದಿಗೂ ಜೀವಂತವಾಗಿರುವುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಹೆಗಲಿನ ಮಾಂಸವು ಯಾವ ಪ್ರಾಣಿಯದಾದರೂ, ಒಳಗಿನ ಉಷ್ಣತೆ ಸುಮಾರು 95 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಗಡುಸಾದ ಕೊಲಾಜನ್ ಕರಗಿ ಜೆಲಟಿನ್ ಆದ ಹೊರತು, ಎಳೆಎಳೆಯಾಗಿ ಬಿಡಿಸಲು ಬಾರದು. ಕುರಿಮರಿಯ ಹೆಗಲು ಹಂದಿಯ ಹೆಗಲಿಗಿಂತ ಕಿರಿದಾದುದರಿಂದ ಬೇಗನೆ ಪಕ್ವವಾಗುವುದು. ಅದರ ಕೊಬ್ಬಾದರೋ ಹಂದಿಯದಕ್ಕಿಂತ ಅಧಿಕ ಉಷ್ಣದಲ್ಲಿ ಕರಗಿ, ತಣಿದೊಡನೆ ಬೆಳ್ಳಗೆ ಹೆಪ್ಪುಗಟ್ಟಿ ಅಂಗುಳಕ್ಕೆ ಅಂಟುವುದರಿಂದ, ಬೆರಳು ಸಹಿಸುವಷ್ಟು ಬಿಸಿಯಿರುವಾಗಲೇ ಬಿಡಿಸಿ, ಮಿಕ್ಕ ಕೊಬ್ಬನ್ನು ತೆಗೆದು, ಕೂಡಲೇ ಉಣ್ಣತಕ್ಕದ್ದು. ಹಂದಿಯ ಸೌಮ್ಯ ರುಚಿ ಸಿಹಿ ಸಾಸನ್ನೂ ಸಹಿಸೀತು. ಕುರಿಯ ತೀಕ್ಷ್ಣ ಪರಿಮಳಕ್ಕೆ ವಿನೆಗರಿನ ಹುಳಿಯೂ ಕರಿಮೆಣಸೂ ಮಾತ್ರವೇ ತಕ್ಕ ಜೊತೆಯೆಂದು ನನ್ನ ದೃಢವಾದ ನಂಬಿಕೆ.