ನೀರಿನಲ್ಲಿ ನಿಂತ ಮರಗಳು

ಕೇರಳದ ಪೆರಿಯಾರ್ ರಾಷ್ಟ್ರೀಯ ಉದ್ಯಾನದ ಸರೋವರ. ದೋಣಿಯಲ್ಲಿದ್ದವರೆಲ್ಲ ದಡದಲ್ಲಿ ಆನೆ ಹುಡುಕುತ್ತಿದ್ದರೆ, ನನ್ನ ಕಣ್ಣು ಮಾತ್ರ ನೀರಿನ ನಡುವಣ ಕಪ್ಪು ಮೋಟುಮರಗಳನ್ನು ಬಿಟ್ಟು ಕದಲಲೊಲ್ಲದು. ಅಣೆಕಟ್ಟಿನಿಂದ ಮುಳುಗಿದ ಕಾಡಿನವು ಎಂದಷ್ಟೇ ಹೇಳಿ ಮಾರ್ಗದರ್ಶಿ ಮತ್ತೆ ದಡದತ್ತ ಕೈ ತೋರಿಸಿದ.

ಪೆನ್ನಿಕ್ವಿಕ್ ಎಂಬ ಬ್ರಿಟಿಷ್ ಎಂಜಿನಿಯರು 1895ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಪಡುವಣ ಕಡಲು ಸೇರುತ್ತಿದ್ದ ನೀರು ಬೆಟ್ಟದ ಸುರಂಗ ಹೊಕ್ಕು ಮೂಡಣಕ್ಕೆ, ಮಧುರೆ ಸೀಮೆಯ ಬಾಯಾರಿದ ಹೊಲಗಳಿಗೆ ಇಳಿಯಿತು. ಮರಗಳು ನಿಂತಲ್ಲೇ ಸತ್ತವು. ಸತ್ತು ನೂರು ವರ್ಷ ದಾಟಿದರೂ ಬೀಳಲೊಲ್ಲವು. ಅಲ್ಲಿ ಅನ್ನ ಕಂಡವರನ್ನು ನೆನೆದರೆ ಆ ಪುಣ್ಯಾತ್ಮನನ್ನು ಬೈಯಲು ಬಾಯಿ ಬಾರದು; ಇಲ್ಲಿ ಈ ಮೋಟುಗಳನ್ನು ಕಂಡರೆ ಕೈ ಮುಗಿಯಲೂ ಮನಸ್ಸಾಗದು.

ನೀರುಕಾಗೆಗೆ ಈ ಗೊಂದಲವಿಲ್ಲ. ಮೋಟೊಂದರ ತುದಿಯಲ್ಲಿ ಕುಳಿತು, ಒದ್ದೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿತ್ತು.