ಬೈಕುಲ್ಲಾದಲ್ಲಿ ದಾಕ್ಷಿಣ್ಯಕ್ಕೆ ಇಂಗ್ಲಿಷ್ ಏನು?

ಸಿಎಸ್‌ಎಂಟಿ ಬಿಟ್ಟ ಫಾಸ್ಟ್ ಲೋಕಲ್ ಮೊದಲು ನಿಲ್ಲುವುದು ಬೈಕುಲ್ಲಾದಲ್ಲಿ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ್ದೂ ಇದೇ ದಾರಿಯಲ್ಲಿ. ಪರಸ್ಪರ ಗುರುತಿಲ್ಲದವರು ಮೈಗೆ ಮೈ ತಾಗಿಸಿ ಕೂರುವುದನ್ನು ಈ ದಾರಿ ಅಂದಿನಿಂದಲೂ ಕಲಿಸುತ್ತಿದೆ.

1983ರಲ್ಲಿ ಡಗ್ಲಾಸ್ ಆಡಮ್ಸ್ ಮತ್ತು ಜಾನ್ ಲಾಯ್ಡ್ 'ದ ಮೀನಿಂಗ್ ಆಫ್ ಲಿಫ್' ಎಂಬ ತಮಾಷೆಯ ನಿಘಂಟು ತಂದರು. ಇಂಗ್ಲಿಷಿನಲ್ಲಿ ಹೆಸರೇ ಇಲ್ಲದ ಅನುಭವಗಳಿಗೆ ಊರುಗಳ ಹೆಸರಿಟ್ಟರು. ಬೇರೆಯವರು ಎದ್ದುಹೋದ, ಇನ್ನೂ ಬಿಸಿಯಿರುವ ಸೀಟಿನಲ್ಲಿ ಕೂತಾಗ ಆಗುವ ಇರುಸುಮುರುಸು ಅವರಿಗೆ 'ಷೂಬರಿನೆಸ್'. ನಮ್ಮ ಲೋಕಲಿನಲ್ಲಿ ಬಿಸಿ ಸೀಟು ಸಿಕ್ಕಿದರೆ ಅದು ಪುಣ್ಯ!

ನಮ್ಮ ಪೇಚು ಬೇರೆಯೇ. ಮೂವರ ಸೀಟಿನ ಮುಂದೆ ನಾಲ್ಕನೆಯವರು ಬಂದು ಕೈಸನ್ನೆ ಮಾಡುತ್ತಾರೆ. ಸರಿಯಲು ಯಾರಿಗೂ ಮನಸ್ಸಿಲ್ಲ, ಇಲ್ಲ ಎನ್ನಲು ಯಾರಿಗೂ ಬಾಯಿಲ್ಲ. ಮೂವರೂ ಸರಿಯುತ್ತಾರೆ. ಇದೇ ದಾಕ್ಷಿಣ್ಯ. 'ಕರ್ಟಸಿ' ಎಂದರೆ ಒಳಗಿನ ಗೊಣಗಾಟ ಬಿಟ್ಟುಹೋಗುತ್ತದೆ. 'ಆಬ್ಲಿಗೇಶನ್' ಎಂದರೆ ಸಾಲದ ವಾಸನೆ ಬರುತ್ತದೆ.

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಇವೆಲ್ಲವೂ 'ಆಕ್ವರ್ಡ್'. ಓವರ್‌ಬ್ರಿಡ್ಜಿನಲ್ಲಿ ಎದುರಾದವರ ಹೆಸರು ನೆನಪಾಗದ ಪೇಚಾಟ, ನೆಂಟರ ಮನೆಯಲ್ಲಿ ಇನ್ನೊಂದು ದೋಸೆ ಕೇಳುವ ಸಂಕೋಚ, ನಾಲ್ವರ ಮುಂದೆ ಯಾರೋ ಸಂಬಳ ಕೇಳಿದಾಗಿನ ಮುಜುಗರ, ಎಲ್ಲಕ್ಕೂ ಅದೊಂದೇ ಪದ. ಮನೆಯಲ್ಲಿ ಇದು ನಗುವಿನ ಮಾತು.

ನಗು ಬಾರದ ಜಾಗವೂ ಬೈಕುಲ್ಲಾದಲ್ಲೇ ಇದೆ: ಜೆ.ಜೆ. ಆಸ್ಪತ್ರೆ. ನೆರೆಮನೆಯ ಅಜ್ಜಿ ಅಲ್ಲಿ ಅಡ್ಮಿಟ್ ಆಗಿದ್ದಾಗ ನಾವಿಬ್ಬರೂ ನೋಡಲು ಹೋಗಿದ್ದೆವು. ಎಲ್ಲಿಂದ ಹೊರಟರೂ 'ಹೋಗಿ ಬರ್ತೇವೆ' ಎನ್ನುವವರು ನಾವು. ಆಸ್ಪತ್ರೆಯಲ್ಲಿ ಮಾತ್ರ ಆ ಮಾತಿಗೆ ನಾಲಿಗೆ ಏಳುವುದಿಲ್ಲ. ಇಲ್ಲಿಗೆ ಮತ್ತೆ ಬರುವಂತಾಗುವುದು ಯಾರಿಗೆ ಬೇಕು? ಮಗಳು 'ಸೀ ಯೂ' ಎನ್ನಹೋಗಿ ಅರ್ಧಕ್ಕೇ ತಡೆದಳು. ಸರಿಯಿಲ್ಲ ಎಂದು ಅವಳಿಗೇ ಹೊಳೆದಿತ್ತು, ಸರಿಯಾದ ಮಾತು ಮಾತ್ರ ಕೈಗೆ ಸಿಕ್ಕಿರಲಿಲ್ಲ. ನನ್ನ ಕಿವಿಯಲ್ಲಿ, "ಏನು ಹೇಳ್ಬೇಕಪ್ಪಾ?" ಎಂದಳು. ಹೇಳಿಕೊಟ್ಟೆ.

"ಅಜ್ಜಿ, ಬೇಗ ಮನೆಗೆ ಬನ್ನಿ."

ಅಜ್ಜಿ ಅವಳ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಇಂಥ ಹೊತ್ತಿಗೆಂದು ನಿಮ್ಮ ಮನೆಗಳಲ್ಲೂ ಒಂದೆರಡು ಮಾತು ಇರುತ್ತವೆ. ಮಕ್ಕಳು ಕೇಳುವವರೆಗೆ ಕಾಯದೆ ಹೇಳಿಕೊಡಿ.