ಅಪಗ ನಿಕುಲು ಓಲು ಇತ್ತರ್?

ಹಿರಿಯಡ್ಕ ಪೇಟೆಯಲ್ಲಿ ಪೇಪರು ಓದುವುದು ಕನ್ನಡದಲ್ಲಿ, ಅದರ ಮೇಲೆ ವಾದ ಮಾಡುವುದು ತುಳುವಿನಲ್ಲಿ. ಬೆಳಿಗ್ಗೆ ಹೋಟೆಲಿನ ಒಂದೇ ಪೇಪರು ಹಾಳೆ ಹಾಳೆಯಾಗಿ ಮೇಜುಗಳಿಗೆ ಹಂಚಿಹೋಗಿರುತ್ತದೆ. ಕ್ರೀಡಾಪುಟ ಹಿಡಿದವರಿಗೆ ಮುಖಪುಟ ಸಿಗುವಷ್ಟರಲ್ಲಿ ಚಾ ಮುಗಿದಿರುತ್ತದೆ. ಬರೆದದ್ದಕ್ಕೋ ಮಾತಾಡಿದ್ದಕ್ಕೋ ಯಾರನ್ನಾದರೂ ಬಂಧಿಸಿದ ಸುದ್ದಿ ಬಂತೆಂದರೆ ಮಾತ್ರ ಎಲ್ಲ ಮೇಜುಗಳಿಂದಲೂ ಅದೇ ಪ್ರಶ್ನೆ: “ಮಾಷ್ಟ್ರೆ, ಅಪಗ ನಿಕುಲು ಓಲು ಇತ್ತರ್?” ಆಗ ನೀವು ಎಲ್ಲಿದ್ದಿರಿ? ನಮ್ಮವರಿಗೆ ಆದಾಗ ಸುಮ್ಮನಿದ್ದವರು ಈಗ ಬಾಯಿ ಬಿಡುವುದೇಕೆ?

ಇದರಲ್ಲಿ ಹುರುಳಿಲ್ಲ ಎನ್ನಲಾರೆ. 2007ರ ಮಾರ್ಚ್‌ನಲ್ಲಿ ‘ಕರಾವಳಿ ಅಲೆ’ ಪತ್ರಿಕೆಯ ಸಂಪಾದಕ ಬಿ.ವಿ. ಸೀತಾರಾಮ್ ಅವರನ್ನು ಬಂಧಿಸಿದರು. ದಿಗಂಬರ ಮುನಿಗಳ ನಗ್ನತೆಯ ಕುರಿತ ಬರಹ ಕಾರಣ. 1432ರಿಂದ ಬಾಹುಬಲಿ ನಿಂತಿರುವ ಕಾರ್ಕಳ ನಮಗೆ ನೆರೆಯೂರು. ಅಲ್ಲಿನ ಜೈನರಿಗೆ ನೋವಾದದ್ದು ಸಹಜ. ಆದರೆ ಬರಹಕ್ಕೆ ಜೈಲು ಉತ್ತರವಲ್ಲ. 2009ರ ಜನವರಿ 24ರಂದು ಗುಂಪೊಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದಾಗ ದೆಹಲಿಯ ಚಾನೆಲ್‌ಗಳೆಲ್ಲ ಅದನ್ನು ಮತ್ತೆ ಮತ್ತೆ ತೋರಿಸಿದವು. ತೋರಿಸಬೇಕಾದದ್ದೇ. ಸೀತಾರಾಮ್ ಬಂಧನಕ್ಕೆ ಅದರ ಕಾಲುಭಾಗದ ಬೆಳಕೂ ಬೀಳಲಿಲ್ಲ. ಒಂದು ಕಡೆ ಕ್ಯಾಮೆರಾ ಇತ್ತು, ಇಂಗ್ಲಿಷಿನ ಪೇಟೆ ಇತ್ತು. ಇನ್ನೊಂದು ಕಡೆ ಇದ್ದದ್ದು ಜಿಲ್ಲೆಯ ಒಂದು ಕನ್ನಡ ಪತ್ರಿಕೆ. ನಮ್ಮ ಜಿಲ್ಲಾ ಪುಟದ ಸುದ್ದಿ ಘಟ್ಟ ಹತ್ತುವುದೇ ಅಪರೂಪ.

ಹಾಗಿದ್ದರೂ ಆ ಪ್ರಶ್ನೆಯನ್ನು ಆಯುಧ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ಇದೇ ಕರಾವಳಿ ನೋಡಿದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ಬಿತ್ತು. ಕಸ್ತೂರಿ ಟಿವಿಯ ವರದಿಗಾರ ನವೀನ್ ಸೂರಿಂಜೆ ಅಲ್ಲಿದ್ದರು. ಹೊಡೆದವರ ಮುಖಗಳು ಜಗತ್ತಿಗೆ ಕಂಡದ್ದು ಅಲ್ಲಿ ಅವರ ಕ್ಯಾಮೆರಾ ಮಾಡಿದ ಚಿತ್ರೀಕರಣದಿಂದ. ಕೂಡಲೇ ಎದ್ದ ಮಾತು: ಇವನಿಗೆ ಮೊದಲೇ ಗೊತ್ತಿತ್ತು, ಪೊಲೀಸರಿಗೆ ಯಾಕೆ ಹೇಳಲಿಲ್ಲ, ಟಿಆರ್‌ಪಿಗಾಗಿ ಸುಮ್ಮನಿದ್ದ. ಪೊಲೀಸ್ ಅಧಿಕಾರಿಗೆ ಕರೆ ಮಾಡಿದ್ದೆ, ಎತ್ತಲಿಲ್ಲ ಎಂದು ಸೂರಿಂಜೆ ಹೇಳಿದ್ದನ್ನು ಎಷ್ಟು ಜನ ಕಿವಿಗೆ ಹಾಕಿಕೊಂಡರು? ನವೆಂಬರ್ 7ರಂದು ಅವರನ್ನೇ ಬಂಧಿಸಿದರು, ಹಲ್ಲೆಕೋರರ ಜೊತೆಗೇ ಆರೋಪಿಯನ್ನಾಗಿ ಮಾಡಿದರು. ಹೈಕೋರ್ಟಿನಿಂದ ಜಾಮೀನು ಸಿಕ್ಕುವಾಗ 2013ರ ಮಾರ್ಚ್. ಸಾಕ್ಷಿ ಹೇಳಬೇಕಾಗಿದ್ದವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿ ಕುಳಿತರು.

ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ವರದಿಗಾರನ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುತ್ತ ಕುಳಿತ ನಾವು ಆ ಚಿತ್ರಗಳಲ್ಲಿ ಏನಿತ್ತು ಎಂಬುದನ್ನು ಬದಿಗೆ ಸರಿಸಿದೆವು. ಸೀತಾರಾಮ್ ಪರವಾಗಿ ಮಾತಾಡದವರು ಸೂರಿಂಜೆ ಪರವಾಗಿ ಮಾತಾಡಿದರು ಎಂದೇ ಇಟ್ಟುಕೊಳ್ಳಿ. ಅಷ್ಟಕ್ಕೇ ಸೂರಿಂಜೆಯ ಬಂಧನ ಸರಿಯಾಗುತ್ತದೆಯೇ? ಮೊದಲಿನದೂ ತಪ್ಪು, ಎರಡನೆಯದೂ ತಪ್ಪು.

ಹೋಟೆಲಿನಲ್ಲಿ ತುಳುವಿನಲ್ಲಿ ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಅವರಿಗೆ ಉತ್ತರ ಬೇಕು. ಕೊಟ್ಟರೆ ಕೇಳುತ್ತಾರೆ, ಮತ್ತೆ ವಾದಿಸುತ್ತಾರೆ, ಮರುದಿನವೂ ಎದುರಿಗೆ ಸಿಗುತ್ತಾರೆ. ರಾತ್ರಿ ಟಿವಿಯ ಚರ್ಚೆಯಲ್ಲಿ ಅದೇ ಪ್ರಶ್ನೆ ಕನ್ನಡದಲ್ಲಿ ಬರುವಾಗ ಉತ್ತರಕ್ಕೆ ಜಾಗವೇ ಇರುವುದಿಲ್ಲ. ಎದುರಿನವರ ಬಾಯಿ ಮುಚ್ಚಿಸಿ ಜಾಹೀರಾತಿಗೆ ಹೋಗುತ್ತಾರೆ. ಬಂಧಿಸಿದ್ದು ಯಾವ ಸೆಕ್ಷನ್‌ನಲ್ಲಿ, ದೂರು ಕೊಟ್ಟವರು ಯಾರು, ಬರೆದದ್ದು ನಿಜವೋ ಸುಳ್ಳೋ, ಇಷ್ಟನ್ನು ಯಾರಾದರೂ ಕೇಳುತ್ತಾರೇನೋ ಎಂದು ಕೊನೆಯವರೆಗೂ ಕಾಯುತ್ತೇನೆ.

ಇತ್ತ, ಸೂರಿಂಜೆ ಜೈಲು ಕಂಡ ಆ ಹೋಂಸ್ಟೇ ಪ್ರಕರಣದ ಆರೋಪಿಗಳು 2024ರಲ್ಲಿ ಮಂಗಳೂರಿನ ನ್ಯಾಯಾಲಯದಲ್ಲಿ ಖುಲಾಸೆಯಾದರು.